ಮೈಸೂರಿನಲ್ಲಿ ಇಲಿ ಸಾಕುವ ಯೋಚನೆ: ಆರೋಗ್ಯವಾದ ಮರಿ ಆರಿಸುವುದು ಹೇಗೆ, ಪಂಜರ ಎಂಥದ್ದು ಬೇಕು?

ಕುವೆಂಪುನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ಇಲಿ ಸಾಕೋಣ ಅಂತ ಬಹಳ ದಿನದಿಂದ ಕೇಳುತ್ತಿದ್ದಾಳೆ. ನಮ್ಮ ಹತ್ತಿರದ ಒಂದು ಅಂಗಡಿಯಲ್ಲಿ ಪೂರ್ತಿ ಬಿಳಿಯವು, ಕಪ್ಪು ತಲೆ ಬಿಳಿ ಮೈಯವು ಇವೆ. ಗಂಡು, ಹೆಣ್ಣು, ದೊಡ್ಡವು, ಮರಿ ಎಲ್ಲವನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದಾರೆ. ಕೆಲವು ಸೀನುತ್ತಿದ್ದವು, ಒಂದರ ಕಣ್ಣಿನ ಸುತ್ತ ರಕ್ತದ ಹಾಗೆ ಕೆಂಪು ಇತ್ತು. ಕೇಳಿದರೆ "ಏನೂ ಆಗಲ್ಲ ಮೇಡಂ, ಒಂದು ತಗೊಂಡು ಹೋಗಿ, ಲವ್ ಬರ್ಡ್ಸ್ ಪಂಜರ ಸಾಕು" ಅನ್ನುತ್ತಾರೆ. ಇತ್ತ ನಮ್ಮ ಅತ್ತೆಗೆ ಪ್ಲೇಗಿನ ಭಯ. ಗೊತ್ತಿರುವವರು ದಯವಿಟ್ಟು ಹೇಳಿ, ನೋಡಿ ಆರಿಸುವುದು ಹೇಗೆ?

ಸರಸ್ವತಿಪುರಂ ಇಲಿಮನೆ:
ಮೇಡಂ, ಆ ಪೆಟ್ಟಿಗೆಯಿಂದ ಒಂದನ್ನೂ ತರಬೇಡಿ. ಚೆನ್ನಾಗಿ ಕಾಣುವುದನ್ನೂ ಬೇಡ. ಇಲಿಗಳಿಗೆ ಮೈಕೋಪ್ಲಾಸ್ಮಾ ಅನ್ನುವ ಶ್ವಾಸಕೋಶದ ಸೋಂಕು ತುಂಬಾ ಸಾಮಾನ್ಯ, ಒಂದರಿಂದ ಒಂದಕ್ಕೆ ಹರಡುತ್ತದೆ, ಒಮ್ಮೆ ಬಂದರೆ ಪೂರ್ತಿ ಹೋಗುವುದಿಲ್ಲ. ಅದಕ್ಕೇ ನಾನು ಮರಿ ನೋಡುವ ಮೊದಲು ಅದರ ಜೊತೆ ಇರುವವನ್ನು ನೋಡುತ್ತೇನೆ. ಆ ಕೆಂಪು ರಕ್ತ ಅಲ್ಲ, ಪಾರ್ಫಿರಿನ್ ಅನ್ನುವ ಸ್ರಾವ. ನಿದ್ದೆಯಿಂದ ಎದ್ದಾಗ ಚೂರು ಇದ್ದರೆ ಪರವಾಗಿಲ್ಲ, ಕಣ್ಣು ಮೂಗಿನ ಸುತ್ತ ಒಣಗಿ ಅಂಟಿದ್ದರೆ ಕಾಯಿಲೆಯೋ ಹೆದರಿಕೆಯೋ ಏನೋ ಇದೆ ಅಂತ ಅರ್ಥ.

ಬೇರೆ ಕಡೆ ಸಿಕ್ಕಾಗ ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿಯಿರಿ. ಬಾಲ ಹಿಡಿದು ಎತ್ತುವುದು ಬೇಡವೇ ಬೇಡ. ಉಸಿರಾಟದ ಸದ್ದೇ ಕೇಳಿಸಬಾರದು. ಟಿಕ್ ಟಿಕ್ ಅಂತಲೋ ಗೊರ ಗೊರ ಅಂತಲೋ ಕೇಳಿದರೆ ವಾಪಸ್ ಇಟ್ಟುಬಿಡಿ. ರೋಮ ನುಣುಪಾಗಿರಬೇಕು, ಕತ್ತು ಭುಜದ ಹತ್ತಿರ ಹೊಪ್ಪಳೆ ಇದ್ದರೆ ಸಾಮಾನ್ಯವಾಗಿ ಮೈಮೇಲಿನ ಸಣ್ಣ ಹುಳುವಿನ ಕಾಟ. ಮುಂದಿನ ಹಲ್ಲು ಹಳದಿ ಕಿತ್ತಳೆ ಬಣ್ಣ ಇದ್ದರೆ ಗಾಬರಿ ಬೇಡ, ದೊಡ್ಡ ಇಲಿಗೆ ಅದೇ ಸರಿಯಾದ ಬಣ್ಣ. ಕೈ ಒಡ್ಡಿದರೆ ಮೂಸಲು ಬರುವ ಮರಿ ಒಳ್ಳೆಯದು. ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂತಿದ್ದರೆ ಬೇಡ.

ಇನ್ನೊಂದು ಮುಖ್ಯ ವಿಷಯ, ಒಂದೇ ತರಬೇಡಿ. ಇಲಿ ಗುಂಪಿನ ಪ್ರಾಣಿ, ಮನುಷ್ಯರು ಎಷ್ಟು ಆಡಿಸಿದರೂ ಜೊತೆಗಾರ ಇಲ್ಲದೆ ಕೊರಗುತ್ತದೆ. ಕಡಿಮೆ ಅಂದರೂ 2, ಎರಡೂ ಗಂಡು ಅಥವಾ ಎರಡೂ ಹೆಣ್ಣು. ಆರು ವಾರ ದಾಟಿದ ಮರಿ ಇರಲಿ. ಆದರೆ ಐದು ವಾರಕ್ಕೇ ಅವು ಮರಿ ಹಾಕುವ ವಯಸ್ಸಿಗೆ ಬಂದಿರುತ್ತವೆ. ನೀವು ಹೇಳಿದಂಥ ಪೆಟ್ಟಿಗೆಯಿಂದ ಹೆಣ್ಣು ತಂದರೆ 21-23 ದಿನದೊಳಗೆ ಮನೆ ತುಂಬಾ ಮರಿ ಆಗಬಹುದು. ಒಟ್ಟಿಗೆ ಬೆಳೆದ ಎರಡು ಗಂಡು ಇಲಿ ಆದರೆ ನಿಮ್ಮ ಮಗಳಿಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಸ್ವಲ್ಪ ನಿಧಾನ, ಮಡಿಲಲ್ಲಿ ಕೂರುತ್ತವೆ. ಹೆಣ್ಣು ಚುರುಕು, ಆದರೆ ವಯಸ್ಸಾದಂತೆ ಎದೆಯ ಭಾಗದಲ್ಲಿ ಗಡ್ಡೆ ಬರುವುದು ಜಾಸ್ತಿ. ಆಯಸ್ಸು 2-3 ವರ್ಷ ಅಷ್ಟೇ. ಇದನ್ನು ಮಗಳಿಗೆ ಮೊದಲೇ ಹೇಳಿ.

ಮಂಡ್ಯದ ಹುಡುಗ:
ಅಕ್ಕ, ಪಂಜರದ ವಿಷಯ ನಾನು ಹೇಳುತ್ತೇನೆ. ಲವ್ ಬರ್ಡ್ಸ್ ಪಂಜರ ಸಾಲುವುದಿಲ್ಲ. ಎರಡು ಇಲಿಗೆ ಎರಡೂವರೆ ಅಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ ಇದ್ದರೆ ಆರಾಮಾಗಿ ಓಡಾಡುತ್ತವೆ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಸಂದು ಅರ್ಧ ಇಂಚು ಮೀರದಂತೆ ನೋಡಿಕೊಳ್ಳಿ, ಮರಿಗಳು ತಲೆ ತೂರಿದರೆ ಮೈಯೂ ತೂರುತ್ತದೆ. ಬರೀ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಲರಿಯಲ್ಲಿ ಉಚ್ಚೆ ಹಿಡಿದು ನಾತ ಬಿಡುವುದಿಲ್ಲ, ಪೌಡರ್ ಕೋಟಿಂಗ್ ಮಾಡಿಸಿ. ತಳ ಮಾತ್ರ ಜಾಲರಿ ಬೇಡ, ತಗಡೋ ಪ್ಲಾಸ್ಟಿಕ್ ಟ್ರೇಯೋ ಇರಲಿ. ತಂತಿ ಮೇಲೇ ನಿಂತು ನಿಂತು ಅಂಗಾಲು ಹುಣ್ಣಾಗುತ್ತದೆ. ಗಾಜಿನ ಪೆಟ್ಟಿಗೆಯೂ ಬೇಡ, ಗಾಳಿ ಆಡದೆ ಉಚ್ಚೆಯ ಅಮೋನಿಯಾ ಒಳಗೇ ನಿಂತು ಶ್ವಾಸಕೋಶ ಕೆಡಿಸುತ್ತದೆ.

ನಮ್ಮ ಕಡೆ ಎಲ್ಲರೂ ಭತ್ತದ ಹೊಟ್ಟು ಹಾಕು ಅನ್ನುತ್ತಾರೆ. ಧೂಳು ಜಾಸ್ತಿ, ಬೇಡ. ಪೈನ್, ದೇವದಾರು ಮರದ ಹೊಟ್ಟಿನ ಘಾಟೂ ಒಳ್ಳೆಯದಲ್ಲ. ಅಚ್ಚಿಲ್ಲದ ಕಾಗದದ ಚೂರು ಅಥವಾ ಫ್ಲೀಸ್ ಬಟ್ಟೆ ಸಾಕು. ನೂಲು ಬಿಚ್ಚುವ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೇಲೆ ಒಂದೆರಡು ಜೋಲಿ ಕಟ್ಟಿ, ಅವಿತುಕೊಳ್ಳಲು ರಟ್ಟಿನ ಡಬ್ಬ ಇಡಿ. ಚಕ್ರ ಇಡುವುದಾದರೆ 12 ಇಂಚಿನದು, ಕಂಬಿ ಇಲ್ಲದೆ ಪೂರ್ತಿ ಮುಚ್ಚಿದ್ದು.

ಕುವೆಂಪುನಗರದ ಅಮ್ಮ:
ತುಂಬಾ ಉಪಕಾರ ಆಯಿತು ಇಬ್ಬರಿಗೂ. ಊಟಕ್ಕೆ ಮನೆಯದೇ ಕೊಡಬಹುದಾ? ಬೇಸಿಗೆಯಲ್ಲಿ ಏನು ಮಾಡುತ್ತೀರಿ? ನಮ್ಮದು ಮೇಲಿನ ಮಹಡಿ. ಅತ್ತೆಗೆ ಏನು ಹೇಳಲಿ?

ಸರಸ್ವತಿಪುರಂ ಇಲಿಮನೆ:
ಅತ್ತೆಯವರ ಭಯ ಸುಮ್ನೆ ಬಂದದ್ದಲ್ಲ ಮೇಡಂ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗ್ ಬಂದಿತ್ತು, ಇಲಿ ಬಿದ್ದರೆ ಊರು ಬಿಡುತ್ತಿದ್ದ ಕಥೆ ಎಷ್ಟೋ ಮನೆಯಲ್ಲಿ ಇದೆ. ಅದನ್ನು ಹರಡುತ್ತಿದ್ದುದು ರೋಗ ತಗುಲಿದ ಇಲಿಯ ಮೈಮೇಲಿನ ಚಿಗಟ. ಪಂಜರದಲ್ಲೇ ಹುಟ್ಟಿ ಬೆಳೆದ ಇಲಿಗೆ ಆ ಚಿಗಟ ಹತ್ತಲು ಹೊರಗಿನ ಇಲಿಯ ಸಂಪರ್ಕ ಬೇಕು. ಹಾಗಾಗಿ ಮನೆಯ ಇಲಿ, ಹೆಗ್ಗಣ ಪಂಜರದ ಹತ್ತಿರ ಬರದಂತೆ ಮಾಡಿ, ರಾತ್ರಿ ಉಳಿದ ತಿಂಡಿ ತೆಗೆದುಬಿಡಿ. ಇಲಿಜ್ವರ ಉಚ್ಚೆಯಿಂದ ಬರುತ್ತದೆ, ಅದಕ್ಕೂ ಇದೇ ಜಾಗ್ರತೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಕಚ್ಚಿದರೆ ತೊಳೆದು ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಇಲಿ ಪಾಷಾಣ ಇದ್ದರೆ ಇವತ್ತೇ ಹೊರಗೆ ಹಾಕಿ. ಇಲಿಗೆ ವಾಂತಿ ಮಾಡಲು ಆಗುವುದೇ ಇಲ್ಲ, ತಿಂದದ್ದು ಒಳಗೇ ಉಳಿಯುತ್ತದೆ.

ಊಟಕ್ಕೆ ರಾಗಿ, ಜೋಳ, ಗೋಧಿ, ಮೊಳಕೆ ಹೆಸರುಕಾಳು, ಸೊಪ್ಪು, ಆಗಾಗ ಬೇಯಿಸಿದ ಮೊಟ್ಟೆ. ಬೆಲ್ಲ, ಚಿಪ್ಸ್, ಚಾಕೊಲೇಟ್ ಬೇಡ. ಇಲಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಹೆಚ್ಚಾಗಿ ಬಾಲದಿಂದ ಮೈ ತಣಿಸಿಕೊಳ್ಳಬೇಕು. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಮೇಲಿನ ಮಹಡಿ ಕಷ್ಟ, 30 ಡಿಗ್ರಿ ದಾಟಿದರೆ ಸುಸ್ತಾಗುತ್ತವೆ. ಮನೆಯ ತಂಪಾದ ಕೋಣೆಯಲ್ಲಿ ಪಂಜರ ಇಡಿ, ಒಳಗೆ ಒಂದು ಟೈಲ್ಸ್ ತುಂಡು ಹಾಕಿ, ಐಸ್ ಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಫ್ಯಾನ್ ಗಾಳಿ ನೇರ ಬೀಳದಿರಲಿ.

ಮಂಡ್ಯದ ಹುಡುಗ:
ಒಂದು ಮಾತು ಬಿಟ್ಟುಹೋಯಿತು ಅಕ್ಕ. ಮರಿ ತರುವ ಮೊದಲೇ ಇಲಿ ನೋಡುವ ಡಾಕ್ಟರ್ ಯಾರು ಅಂತ ಕೇಳಿಟ್ಟುಕೊಳ್ಳಿ. ನಾಯಿ, ದನ ನೋಡುವವರೆಲ್ಲ ಇಲಿ ನೋಡುವುದಿಲ್ಲ. ಫೋನ್ ಮಾಡಿ ಮೊಲ, ಗಿಳಿ, ಇಲಿ ನೋಡುತ್ತೀರಾ ಅಂತ ನೇರವಾಗಿ ಕೇಳಿ. ಉಸಿರಾಟ ಕೆಟ್ಟರೆ ಒಂದೆರಡು ದಿನದಲ್ಲೇ ಕೈಮೀರುತ್ತದೆ, ಆಗ ಹುಡುಕಲು ಹೊತ್ತಿರುವುದಿಲ್ಲ.