ಅಪ್‌ಡೇಟ್: ಸೇಜ್‌ಮ್ಯಾಥ್‌ನಲ್ಲಿ 25/12 ಬದಲು ದಶಮಾಂಶ ಬರುತ್ತಿದ್ದದ್ದು ಸರಿಹೋಯಿತು
ಕಳೆದ ವಾರದ ಪ್ರಶ್ನೆ ಇಷ್ಟೇ: 1 + 1/2 + 1/3 + 1/4 ಕೂಡುವ ಫಂಕ್ಷನ್, ಸೇಜ್‌ಮ್ಯಾಥ್ (ಪೈಥಾನ್ ಆಧಾರಿತ ಗಣಿತ ತಂತ್ರಾಂಶ) ಕನ್ಸೋಲ್‌ನಲ್ಲಿ 25/12 ಅನ್ನುತ್ತದೆ. ಅದೇ ಕೋಡ್ ಪೈಥಾನ್ ಫೈಲಿಗೆ ಹಾಕಿದರೆ 2.0833 ಬಂದು ಡಾಕ್‌ಟೆಸ್ಟ್ (ಕೋಡಿನ ವಿವರಣೆಯಲ್ಲೇ ಬರೆದಿಡುವ ಉದಾಹರಣೆ-ಪರೀಕ್ಷೆ) ಫೇಲ್.

ಮತ್ತೆ ಬಿಲ್ಡ್ ಮಾಡಿದ್ದರಿಂದ ಏನೂ ಆಗಲಿಲ್ಲ. ಟೆಸ್ಟಿಗೆ ಟಾಲರೆನ್ಸ್ (ಉತ್ತರದಲ್ಲಿ ಸಣ್ಣ ವ್ಯತ್ಯಾಸಕ್ಕೆ ವಿನಾಯಿತಿ) ಕೊಡಿ ಅಂತ ಕೆಲವರು ಅಂದಿದ್ದರು. ನಿರೀಕ್ಷಿತ ಉತ್ತರವನ್ನೂ ದಶಮಾಂಶದಲ್ಲಿ ಬರೆದು ಅದನ್ನು ಕೊಟ್ಟರೆ ಪಾಸ್ ಆಗುತ್ತದೆ ನಿಜ, ಆದರೆ ತಪ್ಪು ಮುಚ್ಚಿಹೋಗುತ್ತದೆ, ಅಷ್ಟೇ.

ಕೆಲಸಕ್ಕೆ ಬಂದದ್ದು "ಪ್ರಿಪಾರ್ಸ್ ಕರೆದು ನೋಡಿ" ಅನ್ನುವ ಸಲಹೆ; ಟೈಪ್ ಮಾಡಿದ ಸಾಲನ್ನು ಪೈಥಾನ್‌ಗೆ ಕೊಡುವ ಮೊದಲು ಸೇಜ್ ಹೇಗೆ ಬದಲಿಸುತ್ತದೆ ಎಂದು ತೋರಿಸುವ ಫಂಕ್ಷನ್ ಅದು. ಕನ್ಸೋಲ್‌ನಲ್ಲಿ ಟೈಪ್ ಮಾಡಿದ 1 ಅನ್ನು ಸೇಜ್ ಒಳಗೊಳಗೇ ತನ್ನದೇ ಬಗೆಯ ಪೂರ್ಣಾಂಕ (ಇಂಟಿಜರ್) ಮಾಡಿಕೊಳ್ಳುತ್ತದೆ, ಹಾಗಾಗಿ ಭಾಗಿಸಿದರೆ ಭಿನ್ನರಾಶಿ. ಪೈಥಾನ್ ಫೈಲಿನಲ್ಲಿ ಆ ಪರಿವರ್ತನೆ ಇಲ್ಲ. ರೇಂಜ್ (ಸಂಖ್ಯೆಗಳನ್ನು ಸಾಲಾಗಿ ಕೊಡುವ ಪೈಥಾನ್ ಸೌಲಭ್ಯ) ಕೊಡುವುದೂ ಪೈಥಾನ್ ಪೂರ್ಣಾಂಕವೇ, ಭಾಗಿಸಿದರೆ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ. ಇಂಟಿಜರ್ ಇಂಪೋರ್ಟ್ ಮಾಡಿ, ಅಂಶದ 1 ಅನ್ನು ಅದರೊಳಗೆ ಸುತ್ತಿದೆ; 25/12 ಬಂತು.

ಗೊತ್ತಿರದಿದ್ದ ಸಂಗತಿ: ಫೈಲ್ ಪೈಥಾನ್‌ನದೇ ಆದರೂ ಅದರೊಳಗಿನ ಡಾಕ್‌ಟೆಸ್ಟ್ ಸಾಲುಗಳಿಗೆ ಪ್ರಿಪಾರ್ಸ್ ಆಗುತ್ತದೆ! ಟೆಸ್ಟ್ ಸಾಲಿನಲ್ಲಿ 2^3 ಅಂದರೆ 8, ಫಂಕ್ಷನ್ ಒಳಗೆ ಅದು ಎಕ್ಸಾರ್ (ಎರಡು ಸಂಖ್ಯೆಗಳ ಬಿಟ್‌ಗಳನ್ನು ಹೋಲಿಸುವ ಕ್ರಿಯೆ), ಉತ್ತರ 1. ಘಾತಕ್ಕೆ ಎರಡು ನಕ್ಷತ್ರ ಚಿಹ್ನೆಯನ್ನೇ ಬಳಸಿ.