ಹುಂಡಿಗೆ ಬಿದ್ದ ಕಾಣಿಕೆಯ ಲೆಕ್ಕ ಯಾರಿಗೆ ಕೊಡಬೇಕು?

ಸಂಪಿಗೆಕಟ್ಟೆ:
2025ರ ಜುಲೈನಲ್ಲಿ ಬೆಂಗಳೂರು ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನವನ್ನು ಮುಜರಾಯಿ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಕಾಣಿಕೆ ಹಣ ದುರುಪಯೋಗ ಆಗಿದೆ ಅನ್ನೋ ಆರೋಪವೇ ಕಾರಣ. ತನಿಖೆ ಆಗಲಿ, ತಪ್ಪು ಸಾಬೀತಾದರೆ ಶಿಕ್ಷೆಯೂ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಬೇರೆ. ಸಹಕಾರ ಸಂಘದಲ್ಲಿ ಅವ್ಯವಹಾರ ಆದರೆ ಆಡಳಿತಾಧಿಕಾರಿ ಬರುತ್ತಾರೆ, ಲೆಕ್ಕ ಸರಿಮಾಡುತ್ತಾರೆ, ಚುನಾವಣೆ ನಡೆಸಿ ಹೋಗುತ್ತಾರೆ. ದೇವಸ್ಥಾನಕ್ಕೆ ಬಂದ ಅಧಿಕಾರಿ ಮಾತ್ರ ಯಾಕೆ ಹೋಗುವುದೇ ಇಲ್ಲ?

ಚಿದಂಬರಂ ನಟರಾಜ ದೇವಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಇದನ್ನು ಬಿಡಿಸಿ ಹೇಳಿದೆ. ದುರಾಡಳಿತ ಇದ್ದರೆ ಸರ್ಕಾರ ವಹಿಸಿಕೊಳ್ಳಬಹುದು, ಆದರೆ ಅದು ಸರಿಹೋಗುವ ತನಕ ಮಾತ್ರ, ಆಮೇಲೆ ವಾಪಸ್ ಕೊಡಲೇಬೇಕು. ನಮ್ಮಲ್ಲಿ ಹಾಗೆ ನಡೆದುಕೊಂಡವರು ಯಾರು? 2021ರ ಡಿಸೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ನಿಂತು, ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸುವ ಕಾನೂನು ತರುತ್ತೇವೆ ಅಂದರು. ಆ ಕಾನೂನು ಬರಲಿಲ್ಲ. ಭಕ್ತರು ಕೊಟ್ಟದ್ದು ಭಕ್ತರ ಕೈಗೇ ಹೋಗಬೇಕು ಅನ್ನುವುದು ನನ್ನ ನಿಲುವು.

ತುಂಗಾತೀರ:
ಭಕ್ತರ ಕೈಗೆ ಅಂದರೆ ಯಾರ ಕೈಗೆ, ಹೆಸರು ಹೇಳಿ. ಗೋಕರ್ಣದಲ್ಲಿ ಏನಾಯಿತು ನೋಡಿ. 2008ರಲ್ಲಿ ಸರ್ಕಾರ ಮಹಾಬಲೇಶ್ವರ ದೇವಸ್ಥಾನವನ್ನು ರಾಮಚಂದ್ರಾಪುರ ಮಠಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ವಂಶಪಾರಂಪರ್ಯವಾಗಿ ಪೂಜೆ ಮಾಡುವ ಉಪಾಧಿವಂತರ ಕಡೆಯಿಂದಲೇ ತಕರಾರು ಎದ್ದಿತು. 2018ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಉಸ್ತುವಾರಿ ಒಪ್ಪಿಸಿತು. ಒಂದೇ ದೇವರು, ಒಂದೇ ಊರು, ಎಲ್ಲರೂ ಭಕ್ತರೇ. ಆದರೂ ಒಪ್ಪಂದ ಆಗಲಿಲ್ಲ. 34 ಸಾವಿರಕ್ಕೂ ಹೆಚ್ಚು ದೇವಸ್ಥಾನ ಬಿಟ್ಟುಕೊಟ್ಟರೆ ಇಂಥ ವ್ಯಾಜ್ಯ ಎಷ್ಟು ಹುಟ್ಟಬಹುದು, ಯೋಚಿಸಿ.

ಮತ್ತೊಂದು ವಿಷಯ. ದೇವಸ್ಥಾನದ ದುಡ್ಡೆಲ್ಲ ಸರ್ಕಾರದ ಖಜಾನೆಗೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಒಂದೊಂದು ದೇವಸ್ಥಾನದ ಆದಾಯ ಅದರದ್ದೇ ಖಾತೆಯಲ್ಲಿರುತ್ತದೆ. ಸಾಮಾನ್ಯ ಸಂಗ್ರಹಣಾ ನಿಧಿಗೆ ಒಂದು ಪಾಲು ಹೋಗುತ್ತದೆ, ಅದನ್ನು ಬಳಸಬೇಕಾದದ್ದು ಬಡ ದೇವಸ್ಥಾನಗಳಿಗೆ.

ಹುಬ್ಳಿ ಕಡಿಯಾಂವ:
ತುಂಗಾತೀರ ಅಕ್ಕಾರ, ಆ ಪಾಲಿನ ಬಗ್ಗೆನೂ ಒಂದೀಟು ಮಾತಾಡೂಣು. ಮುಜರಾಯಿ ಕಾಯ್ದೆಗೆ ತಂದ 2024ರ ತಿದ್ದುಪಡಿ ಮಸೂದೆ ನೆನಪದ ಅಲ್ಲ? ಫೆಬ್ರುವರಿ 21ಕ್ಕ ವಿಧಾನಸಭೆಯೊಳಗ ಪಾಸ್ ಆತು, ಎರಡು ದಿನಕ್ಕ ಪರಿಷತ್ತಿನ್ಯಾಗ ಬಿತ್ತು, ತಿಂಗಳ ಕೊನಿಗೆ ಮತ್ತ ಸಭೆಯೊಳಗ ಪಾಸ್ ಮಾಡಿದ್ರು, ರಾಜ್ಯಪಾಲರು ವಾಪಸ್ ಕಳಿಸಿದ್ರು. ಟೀವಿಯೊಳಗ ಎಲ್ಲಾರೂ ಹತ್ತು ಪರ್ಸೆಂಟ್ ಹತ್ತು ಪರ್ಸೆಂಟ್ ಅಂತ ಒದರಿದ್ರು. ಆದ್ರ ಹತ್ತು ಪರ್ಸೆಂಟ್ ಮೊದಲಿಂದನೂ ಇತ್ತು! 2011ರ ತಿದ್ದುಪಡಿ ಪ್ರಕಾರ 10 ಲಕ್ಷ ಮೀರಿದ ದೇವಸ್ಥಾನ *ನಿವ್ವಳ* ಆದಾಯದಾಗ ಶೇ 10 ಕೊಡಬೇಕಿತ್ತು. ಹೊಸಾ ಮಸೂದೆ 1 ಕೋಟಿ ಮೀರಿದವರ *ಒಟ್ಟು* ಆದಾಯದಾಗ ಶೇ 10 ಕೇಳ್ತು.

ಲೆಕ್ಕ ಹಾಕ್ರಿ. ದೇವಸ್ಥಾನಕ್ಕ ವರ್ಷಕ್ಕ 2 ಕೋಟಿ ಬರ್ತದ, ದಾಸೋಹ, ಪಗಾರ, ಜಾತ್ರಿ ಎಲ್ಲಾ ಸೇರಿ 1 ಕೋಟಿ 80 ಲಕ್ಷ ಖರ್ಚು ಆಗ್ತದ ಅನ್ಕೋರಿ. ಉಳಿಯೂದು 20 ಲಕ್ಷ. ಹಳೇ ಲೆಕ್ಕದಾಗ 2 ಲಕ್ಷ ಕೊಟ್ರ ಮುಗೀತು. ಹೊಸಾ ಲೆಕ್ಕದಾಗ 20 ಲಕ್ಷ, ಅಂದ್ರ ಉಳಿದದ್ದೆಲ್ಲಾ ಹೋತು. ಅನ್ನದಾನ ಹೆಚ್ಚಿಗಿ ಮಾಡೋ ದೇವಸ್ಥಾನಕ್ಕ ಹೊಡತ ಹೆಚ್ಚು. ಬಡ ಗುಡಿಗೆ ಕೊಡೂದು ಒಳ್ಳೇ ಕೆಲಸನ, ಒಪ್ತೀನಿ. ಆದ್ರ ಈ ಫರಕ್ಕು ಜನಕ್ಕ ಬಿಡಿಸಿ ಹೇಳಿದವ್ರು ಯಾರು? ಆಳೋ ಪಕ್ಷ ಹೇಳಲಿಲ್ಲ, ವಿರೋಧ ಪಕ್ಷಕ್ಕ ಬರೇ ಹಿಂದೂ ವಿರೋಧಿ ಅನ್ನೋ ಘೋಷಣೆ ಸಾಕಾತು.

ಕರಾವಳಿಗ:
ಇದಕ್ಕೆ ಸರಳ ಉತ್ತರ ಉಂಟು. ಎಲ್ಲ ಧರ್ಮಕ್ಕೂ ಒಂದೇ ಕಾನೂನು ಮಾಡಿ, ಆಗ ಯಾರೂ ಬಾಯಿ ಬಿಡುವುದಿಲ್ಲ. ಮಸೀದಿಯ ದುಡ್ಡು ಮುಟ್ಟುವುದಿಲ್ಲ, ಚರ್ಚಿನದ್ದು ಮುಟ್ಟುವುದಿಲ್ಲ, ನಮ್ಮದು ಮಾತ್ರ ಯಾಕೆ?

ತುಂಗಾತೀರ:
ಮುಟ್ಟುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. 1995ರ ವಕ್ಫ್ ಕಾಯ್ದೆಯಲ್ಲಿ ವಕ್ಫ್ ಸಂಸ್ಥೆಗಳು ನಿವ್ವಳ ಆದಾಯದ ಶೇ 7ರವರೆಗೆ ಮಂಡಳಿಗೆ ಕೊಡಬೇಕಿತ್ತು, 2025ರ ತಿದ್ದುಪಡಿ ಅದನ್ನು ಶೇ 5ಕ್ಕೆ ಇಳಿಸಿತು. ಮಂಡಳಿಯನ್ನು ರಚಿಸುವುದೂ ಸರ್ಕಾರವೇ. ಅದೇ ತಿದ್ದುಪಡಿ ಮುಸ್ಲಿಮರಲ್ಲದವರನ್ನೂ ಮಂಡಳಿಗೆ ತಂದಾಗ, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು ರಾಜ್ಯ ಮಂಡಳಿಯಲ್ಲಿ ಅವರ ಸಂಖ್ಯೆ ಮೂರನ್ನು ಮೀರಬಾರದು ಅಂದಿತು. ಆದರೆ ನಿಮ್ಮ ಮಾತಿನಲ್ಲಿ ತೂಕ ಇರುವ ಭಾಗವೂ ಇದೆ. ಮಸೀದಿಯ ದಿನನಿತ್ಯದ ಆಡಳಿತಕ್ಕೆ ಸರ್ಕಾರಿ ಅಧಿಕಾರಿ ಬಂದು ಕೂರುವುದಿಲ್ಲ. ದೊಡ್ಡ ದೇವಸ್ಥಾನದಲ್ಲಿ ಕಾರ್ಯನಿರ್ವಹಣಾಧಿಕಾರಿ ಕೂತಿರುತ್ತಾರೆ. ಆ ವ್ಯತ್ಯಾಸ ಇದೆ.

ಹುಬ್ಳಿ ಕಡಿಯಾಂವ:
ಎಲ್ಲಾ ಧರ್ಮದ ಮಾತು ದೂರ ಇರ್ಲಿ, ಹಿಂದೂಗಳೊಳಗ ಎಲ್ಲಾರಿಗೂ ಒಂದ ಕಾನೂನು ಅದನ? 1997ರ ಮುಜರಾಯಿ ಕಾಯ್ದೆ ಮಠಗಳಿಗೆ, ಮಠಕ್ಕ ಸೇರಿದ ಗುಡಿಗಳಿಗೆ ತಾಗೂದಿಲ್ಲ. ಇಂಥಾ ತಾರತಮ್ಯದ ಮ್ಯಾಲೇ 2006ರ ಸೆಪ್ಟೆಂಬರಿನ್ಯಾಗ ಹೈಕೋರ್ಟ್ ಇಡೀ ಕಾಯ್ದೆನ ರದ್ದು ಮಾಡಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂತು. ಅವತ್ತಿಂದ ಕಾಯ್ದೆ ತಡೆಯಾಜ್ಞೆ ಮ್ಯಾಲ ನಡ್ಯಾಕ ಹತ್ತೇದ. ನಡುವ ಎಷ್ಟು ಸರ್ಕಾರ ಬಂದ್ವು, ಎಷ್ಟು ಹೋದ್ವು! ಮಠಗಳನ್ನ ಕಾಯ್ದೆಯೊಳಗ ತರ್ತೀವಿ ಅನ್ನೋ ಧೈರ್ಯ ಒಬ್ಬರಿಗೂ ಬರಲಿಲ್ಲ. ಯಾಕಂದ್ರ ಚುನಾವಣೆ ಬಂದಾಗ ಎಲ್ಲಾರೂ ಹೋಗೂದು ಮಠಕ್ಕ.

ಹೊಸ್ತಿಲಾಚೆ:
ಇಷ್ಟು ಹೊತ್ತು ಎಲ್ಲರೂ ದುಡ್ಡಿನ ಬಗ್ಗೆಯೇ ಮಾತಾಡಿದಿರಿ. ಸರ್ಕಾರ ದೇವಸ್ಥಾನದ ಒಳಗೆ ಕಾಲಿಟ್ಟದ್ದು ಹುಂಡಿಗಾಗಿ ಮಾತ್ರ ಅಲ್ಲ. ನಮ್ಮಂಥವರು ಒಳಗೆ ಹೋಗಬೇಕಾದರೆ ಯಾರಾದರೂ ಬಾಗಿಲು ತೆಗೆಸಬೇಕಿತ್ತು. ಮೂಲ್ಕಿ ವೆಂಕಟರಮಣ ದೇವಸ್ಥಾನದ ಪ್ರಕರಣ 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಂದು ಧಾರ್ಮಿಕ ಪಂಗಡದ ದೇವಸ್ಥಾನವೇ ಆದರೂ, ಎಲ್ಲ ಹಿಂದೂಗಳಿಗೆ ಪ್ರವೇಶ ಕೊಡಿಸುವ ಅಧಿಕಾರ ಸಂವಿಧಾನದ 25(2)(ಬಿ) ಪ್ರಕಾರ ರಾಜ್ಯಕ್ಕೆ ಇದೆ ಅಂತ ಕೋರ್ಟ್ ಹೇಳಿತು. ಆ ವಿಧಿ ಇಲ್ಲದಿದ್ದರೆ ಪಂಗಡದವರು ತಾವಾಗಿ ಬಾಗಿಲು ತೆಗೆಯುತ್ತಿದ್ದರೇ?

ಮುಜರಾಯಿ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯ ಒಂಬತ್ತು ಜನರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು, ಇಬ್ಬರು ಹೆಂಗಸರು ಇರಬೇಕು. ಅದು ಕಾಯ್ದೆಯಲ್ಲಿದೆ. ನಾಳೆ ಭಕ್ತರ ಕೈಗೆ ಕೊಡಿ ಅಂತೀರಲ್ಲ, ಆ ಭಕ್ತರ ಪಟ್ಟಿಯಲ್ಲಿ ನನ್ನ ಅಪ್ಪನ ಹೆಸರು ಇರುತ್ತದೆಯೇ? ನನಗೆ ಅದಕ್ಕೆ ಉತ್ತರ ಬೇಕು.

ಸಂಪಿಗೆಕಟ್ಟೆ:
ಇರಬೇಕು, ಇರಲೇಬೇಕು. ಪ್ರವೇಶದ ಕಾನೂನು ಬೇರೆ, ಆಡಳಿತದ ಕಾನೂನು ಬೇರೆ. ಬಿಡುಗಡೆ ಆದ ದೇವಸ್ಥಾನಕ್ಕೂ ಪ್ರವೇಶದ ಕಾನೂನು ಅನ್ವಯಿಸುತ್ತದೆ, ಮೂಲ್ಕಿ ತೀರ್ಪು ಹೇಳಿದ್ದೂ ಅದನ್ನೇ. ಮತ್ತೆ ಇಲಾಖೆ ಇದ್ದರೆ ಅಸಮಾನತೆ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ. ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನ ನಡೆಯುತ್ತಿದ್ದಾಗ ಆ ದೇವಸ್ಥಾನ ಯಾರ ಕೈಲಿತ್ತು? ಮುಜರಾಯಿ ಕೈಲೇ ಇತ್ತು.

ಹೊಸ್ತಿಲಾಚೆ:
ಹೌದು, ಇತ್ತು. ನಿಲ್ಲಿಸಿದ್ದು ಮಾತ್ರ ಹೋರಾಟ, 2014ರಲ್ಲಿ ಬಂದ ಸುಪ್ರೀಂ ಕೋರ್ಟಿನ ತಡೆ, 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆ. ಇಲಾಖೆ ಸುಮ್ಮನಿದ್ದದ್ದು ಅದರ ತಪ್ಪು, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಸರ್ಕಾರದ ಕೈಲಿದ್ದದ್ದಕ್ಕೇ ನಾವು ಸಚಿವರನ್ನು ಕೇಳಲು ಆಯಿತು, ಸದನದಲ್ಲಿ ಪ್ರಶ್ನೆ ಎತ್ತಿಸಲು ಆಯಿತು. ಖಾಸಗಿ ಟ್ರಸ್ಟ್ ಆಗಿದ್ದರೆ ಇದು ನಮ್ಮ ಸಂಪ್ರದಾಯ, ನೀವು ಯಾರು ಕೇಳಲಿಕ್ಕೆ ಅನ್ನುತ್ತಿದ್ದರು. ಉತ್ತರ ಕೊಡಬೇಕಾದವರು ಒಬ್ಬರು ಇರುವುದು ನಮಗೆ ಬಹಳ ದೊಡ್ಡ ವಿಷಯ.

ಕರಾವಳಿಗ:
ಉತ್ತರ ಕೊಡಬೇಕಾದವರೇ ಎಲ್ಲವನ್ನೂ ಕೆಡಿಸಿದ್ದೂ ಉಂಟು. ಸಮಿತಿಗೆ ಯಾರನ್ನು ಹಾಕುತ್ತಾರೆ? ಸರ್ಕಾರ ಬದಲಾದ ಕೂಡಲೇ ಸಮಿತಿಯೂ ಬದಲು. ನಮ್ಮ ಕಡೆ ಚುನಾವಣೆಯಲ್ಲಿ ಬೂತ್ ನೋಡಿಕೊಂಡವರಿಗೆ ಅಧ್ಯಕ್ಷ ಸ್ಥಾನ ಸಿಗುತ್ತದೆ. ದೇವರ ಮೇಲೆ ಭಕ್ತಿ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. 2024ರ ಮಸೂದೆಯಲ್ಲಿ ಅಧ್ಯಕ್ಷರನ್ನು ಸಮಿತಿಯವರು ಆರಿಸುವ ಬದಲು ಸರ್ಕಾರ ರಚಿಸುವ ರಾಜ್ಯ ಧಾರ್ಮಿಕ ಪರಿಷತ್ತೇ ನೇಮಿಸುವ ಪ್ರಸ್ತಾಪವೂ ಇತ್ತು. ಬೆಂಗಳೂರಿನಲ್ಲಿ ಕೂತವರಿಗೆ ನಮ್ಮ ಊರಿನ ದೇವಸ್ಥಾನದ ಕಟ್ಟುಕಟ್ಟಳೆ ಏನು ಗೊತ್ತು?

ತುಂಗಾತೀರ:
ಇದರಲ್ಲಿ ನಾನು ನಿಮ್ಮ ಜೊತೆ ಇದ್ದೇನೆ, ಕರಾವಳಿಗರೇ. ಪಕ್ಷದ ಕಾರ್ಯಕರ್ತರಿಗೆ ಸಮಿತಿ ಹಂಚುವುದು ನಿಲ್ಲಬೇಕು. ಆದರೆ ಅದೇ ಕರಾವಳಿಯಲ್ಲಿ 2022ರಲ್ಲಿ ಏನಾಯಿತು? ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಅಂತ ಬ್ಯಾನರ್ ಕಟ್ಟಿದರು. ಆಗ ಸರ್ಕಾರ ಬೊಟ್ಟು ಮಾಡಿದ್ದು ಮುಜರಾಯಿ ಕಾಯ್ದೆಯ 2002ರ ನಿಯಮಗಳ 31(12)ರ ಕಡೆಗೆ. ಅದರಲ್ಲಿರುವುದು ಸಂಸ್ಥೆಯ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅನ್ನುವ ಮಾತು. ಮೂರು ದಿನದ ಜಾತ್ರೆಯಲ್ಲಿ ಬಳೆ ಮಾರುವವನಿಗೆ ಆ ನಿಯಮವನ್ನು ತಂದು ಹಚ್ಚಿದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಸರ್ಕಾರದ ಕೈಲಿದ್ದೂ ಹೀಗಾದರೆ, ಯಾರಿಗೂ ಉತ್ತರ ಕೊಡಬೇಕಿಲ್ಲದ ಟ್ರಸ್ಟಿನ ಕೈಲಿ ಇನ್ನೇನಾದೀತು?

ಕರಾವಳಿಗ:
ಬಳೆ ವ್ಯಾಪಾರದ ವಿಷಯದಲ್ಲಿ ಜಗಳ ಇಲ್ಲ. ನಮ್ಮ ಜಾತ್ರೆಗೆ ತಲೆಮಾರಿನಿಂದ ಬರುತ್ತಿದ್ದವರು ಅವರು.

ಗರ್ಭಗುಡಿ ದೀಪ:
ನಾನು ಅರ್ಚಕ, ಸಣ್ಣ ಹಳ್ಳಿಯ ‘ಸಿ’ ವರ್ಗದ ದೇವಸ್ಥಾನ. ಮೇಲಿನ ಮಾತುಗಳನ್ನೆಲ್ಲ ಓದಿದೆ. ಗಾಳಿ ಆಂಜನೇಯ, ಗೋಕರ್ಣ, ಕುಕ್ಕೆ. ವರ್ಷಕ್ಕೆ 100 ಕೋಟಿ ಮೀರಿ ಆದಾಯ ಇರುವ ದೇವಸ್ಥಾನದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇದೆ. 25 ಲಕ್ಷ ಮೀರಿದ ‘ಎ’ ವರ್ಗದವು ಇನ್ನೂರು ಚಿಲ್ಲರೆ, 5ರಿಂದ 25 ಲಕ್ಷದ ‘ಬಿ’ ವರ್ಗದವು ಇನ್ನೂರರ ಆಸುಪಾಸು. ಉಳಿದ 34 ಸಾವಿರದಷ್ಟು ನಮ್ಮಂಥವು. ನಮ್ಮ ಹುಂಡಿಯನ್ನು ವಶಕ್ಕೆ ತೆಗೆದುಕೊಳ್ಳಲು ಯಾವ ಸರ್ಕಾರಕ್ಕೂ ಆಸೆ ಇಲ್ಲ, ಬಿಡಿಸಿಕೊಳ್ಳಲು ಯಾವ ಹೋರಾಟಗಾರರೂ ಬರುವುದಿಲ್ಲ.

ನಮಗೆ ತಸ್ತೀಕ್ ಬರುತ್ತದೆ, ಅಂದರೆ ಪೂಜೆಯ ಖರ್ಚಿಗೆ ಸರ್ಕಾರ ಕೊಡುವ ಹಣ. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ 60,000 ಇದ್ದದ್ದನ್ನು 72,000 ಮಾಡಿದರು. ತಿಂಗಳಿಗೆ 6,000, ದಿನಕ್ಕೆ 200 ರೂಪಾಯಿಗೂ ಕಡಿಮೆ. ಎಣ್ಣೆ, ಹೂವು, ನೈವೇದ್ಯ ಅದರಲ್ಲೇ, ನಮ್ಮ ಸಂಸಾರವೂ ಅದರಲ್ಲೇ. ಬಹಳ ಜನ ಇದನ್ನು ಸರ್ಕಾರದ ದಾನ ಅಂದುಕೊಂಡಿದ್ದಾರೆ. ದಾನ ಅಲ್ಲ. ದೇವಸ್ಥಾನಕ್ಕೆ ಇನಾಂ ಭೂಮಿ ಇತ್ತು, ಅದರ ಹುಟ್ಟುವಳಿಯಲ್ಲಿ ಪೂಜೆ ನಡೆಯುತ್ತಿತ್ತು. ಹಳೇ ಮೈಸೂರಿನಲ್ಲಿ 1955ರ ಕಾಯ್ದೆ ಧಾರ್ಮಿಕ ಇನಾಂಗಳನ್ನು ರದ್ದು ಮಾಡಿತು, ಅದಕ್ಕೆ ಬದಲಾಗಿ ಬಂದದ್ದು ಈ ತಸ್ತೀಕ್. ಅಂದರೆ ಇದು ಸಾಲ ತೀರಿಸಿದ ಹಾಗೆ. 2024ರ ಜನವರಿಯಲ್ಲಿ, ಕನ್ನಡದಲ್ಲೇ ಅರ್ಚನೆ ಮಾಡಿ ಹೆಸರಾದ ಹಿರೇಮಗಳೂರು ಕಣ್ಣನ್ ಅವರಿಗೇ ತಸ್ತೀಕ್ ಹೆಚ್ಚು ಕೊಟ್ಟಿದ್ದೇವೆ, 4.74 ಲಕ್ಷ ವಾಪಸ್ ಕಟ್ಟಿ ಅಂತ ತಹಶೀಲ್ದಾರ್ ಕಚೇರಿಯಿಂದ ನೋಟಿಸ್ ಬಂತು. ಸುದ್ದಿ ಆದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಹೆಸರಿಲ್ಲದ ಅರ್ಚಕನಿಗೆ ಅಂಥ ನೋಟಿಸ್ ಬಂದರೆ ಯಾವ ಪತ್ರಿಕೆಯವರು ಬರೆಯುತ್ತಾರೆ?

ಹೊಸ್ತಿಲಾಚೆ:
ಸ್ವಾಮಿ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಆ ಇನಾಂ ಭೂಮಿಯನ್ನು ಉತ್ತವರು ಯಾರು? ನಮ್ಮ ತಾತ ಗೇಣಿಗೆ ಉಳುತ್ತಿದ್ದರು, ಭೂಸುಧಾರಣೆಯಲ್ಲಿ ಎರಡು ಎಕರೆ ನಮ್ಮದಾಯಿತು. ನಾನು ಓದಿದ್ದು ಆ ಎರಡು ಎಕರೆಯಿಂದ. ಅದು ಹೋಗಬಾರದಿತ್ತು ಅಂತ ನೀವು ಹೇಳಿದರೆ ನಾನು ಒಪ್ಪುವುದಿಲ್ಲ.

ಗರ್ಭಗುಡಿ ದೀಪ:
ಉತ್ತವನಿಗೆ ಭೂಮಿ ಸಿಕ್ಕಿದ್ದು ನ್ಯಾಯ. ಅದನ್ನು ವಾಪಸ್ ಕೇಳುವ ಮಾತೇ ಇಲ್ಲ, ನಮ್ಮ ದೇವರೂ ಕೇಳುವುದಿಲ್ಲ. ನಾನು ಕೇಳುವುದು ನಿಮ್ಮಿಂದಲ್ಲ, ಸರ್ಕಾರದಿಂದ. ಭೂಮಿ ತೆಗೆದುಕೊಂಡಾಗ ಪೂಜೆ ನಡೆಸಿಕೊಡುತ್ತೇವೆ ಅಂತ ಒಪ್ಪಿಕೊಂಡದ್ದು ಅವರು. ಇವತ್ತು ದೇವಸ್ಥಾನ ಬಿಡುಗಡೆ ಮಾಡಿ ಅನ್ನುವವರನ್ನೂ ಕೇಳುತ್ತೇನೆ. ಬಿಡುಗಡೆ ಆದ ಮೇಲೆ ನಮ್ಮ ತಸ್ತೀಕ್ ಕೊಡುವವರು ಯಾರು? ಶ್ರೀಮಂತ ದೇವಸ್ಥಾನದ ಟ್ರಸ್ಟ್ ತನ್ನ ಆದಾಯದಲ್ಲಿ ನಮ್ಮ ಊರಿನ ಬೀಗ ಬಿದ್ದ ಗುಡಿಗೆ ಪಾಲು ಕೊಡುತ್ತದೆಯೇ?

ಸಂಪಿಗೆಕಟ್ಟೆ:
ಈ ಪ್ರಶ್ನೆಗೆ ಬಿಡುಗಡೆಯ ಕಾನೂನಿನಲ್ಲೇ ಉತ್ತರ ಬರೆಯಬೇಕು. ತಸ್ತೀಕ್ ಸರ್ಕಾರದ ಹೊಣೆಯಾಗಿಯೇ ಮುಂದುವರಿಯಬೇಕು, ಬಜೆಟ್ಟಿನ ದಯೆಯಾಗಿ ಅಲ್ಲ, ಬೆಲೆ ಏರಿದಂತೆ ತಾನಾಗಿ ಏರುವ ಹಾಗೆ. ಅಂಥ ಕಲಂ ಇಲ್ಲದ ಬಿಡುಗಡೆ ಮಸೂದೆಯನ್ನು ನಾನೂ ಬೆಂಬಲಿಸುವುದಿಲ್ಲ. ಆದರೆ ದೊಡ್ಡ ದೇವಸ್ಥಾನಗಳ ಕುರ್ಚಿಯಲ್ಲಿ ಅಧಿಕಾರಿ ಶಾಶ್ವತವಾಗಿ ಕೂರುವುದಕ್ಕೆ ನನ್ನ ವಿರೋಧ ಹಾಗೇ ಇದೆ. ಉಡುಪಿಯ ಶಿರೂರು ಮಠದ 1954ರ ತೀರ್ಪು ಓದಿ. ಆಸ್ತಿಯ ಆಡಳಿತವನ್ನು ಕಾನೂನಿನಿಂದ ನಿಯಂತ್ರಿಸಬಹುದು, ಪಂಗಡದ ಕೈಯಿಂದ ಪೂರ್ತಿ ಕಿತ್ತುಕೊಳ್ಳುವ ಹಾಗಿಲ್ಲ. ಆ ಗೆರೆ ಏಳು ದಶಕದ ಹಿಂದೆಯೇ ಎಳೆದದ್ದು.

ತುಂಗಾತೀರ:
ಆ ತೀರ್ಪು ಪಂಗಡಗಳ ಬಗ್ಗೆ. ಊರೊಟ್ಟಿನ ಮಾರಿಗುಡಿ ಯಾವ ಪಂಗಡದ್ದು? ಅಲ್ಲಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ, ಹಾಗಾಗಿ ಎಲ್ಲರಿಗೂ ಲೆಕ್ಕ ಕೇಳುವ ಹಕ್ಕು ಇರಬೇಕು. ಅಧಿಕಾರಿ ಇರಲಿ, ಟ್ರಸ್ಟ್ ಇರಲಿ, ವರ್ಷದ ಆಡಿಟ್ ವರದಿ ದೇವಸ್ಥಾನದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಬಂದದ್ದೆಷ್ಟು, ಖರ್ಚೆಷ್ಟು, ಸಾಮಾನ್ಯ ನಿಧಿಗೆ ಹೋದದ್ದೆಷ್ಟು, ಅಲ್ಲಿಂದ ಯಾವ ಊರಿನ ಗುಡಿಗೆ ಹೋಯಿತು, ಎಲ್ಲವೂ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಹತ್ತಿ ದೂರದ ದೇವಸ್ಥಾನಕ್ಕೆ ಹೋಗಿ ಹತ್ತು ರೂಪಾಯಿ ಹಾಕಿ ಬರುವ ಹೆಂಗಸಿಗೂ ಅದನ್ನು ನಿಂತು ಓದುವ ಹಕ್ಕಿದೆ.

ಹುಬ್ಳಿ ಕಡಿಯಾಂವ:
ಗ್ವಾಡಿಗೆ ಅಂಟಿಸೋತನಕ ಯಾಕ ಕಾಯಬೇಕ್ರಿ? ಮುಜರಾಯಿ ಸರ್ಕಾರಿ ಇಲಾಖೆ, ಮಾಹಿತಿ ಹಕ್ಕು ಅದಕ್ಕ ಇವತ್ತ ಅನ್ವಯ ಆಗ್ತದ. ಇಲ್ಲಿ ಮಾತಾಡಿದ ಒಬ್ಬೊಬ್ಬರೂ ನಿಮ್ಮ ಜಿಲ್ಲಾದ ಒಂದೊಂದು ‘ಎ’ ವರ್ಗದ ಗುಡಿದು ಮೂರು ವರ್ಷದ ಆಡಿಟ್ ವರದಿ ಕೇಳ್ರಿ. ನಾ ನಮ್ಮ ಕಡೀದು ಸೋಮವಾರ ಹಾಕ್ತೀನಿ. ಬಂದ ಉತ್ತರ ಇಲ್ಲೇ ಹಾಕೂಣು.

ಗರ್ಭಗುಡಿ ದೀಪ:
ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ. ನಿಮ್ಮ ತಾಲ್ಲೂಕಿನಲ್ಲಿ ‘ಸಿ’ ವರ್ಗದ ಎಷ್ಟು ದೇವಸ್ಥಾನಕ್ಕೆ ಹೋದ ವರ್ಷದ ತಸ್ತೀಕ್ ಪೂರ್ತಿ ಸಂದಿದೆ, ಎಷ್ಟಕ್ಕೆ ಬಾಕಿ ಇದೆ ಅಂತ.