ಚೆಸ್‌ನಲ್ಲಿ ಆನೆ ಜಾಸ್ತಿ ಇದ್ದರೂ ಟೈಮ್ ಮುಗಿದು ಸೋಲು: ಯಾವ ಟೈಮ್ ಕಂಟ್ರೋಲ್ ಆಡಬೇಕು?

ತೀರ್ಥಹಳ್ಳಿ_ಕುದುರೆ:
ತಲೆ ಕೆಟ್ಟು ಹೋಗಿದೆ. ಪೂರ್ತಿ ಒಂದು ಆನೆ ಜಾಸ್ತಿ ಇತ್ತು, ಆದರೂ ಟೈಮ್ ಮುಗಿದು ಸೋತೆ. ಪ್ರತಿ ಸಲ ಇದೇ ಕಥೆ. ಬೇಗ ಆಡಿದರೆ ಕಣ್ಣೆದುರಿಗಿರುವ ಕುದುರೆಯೇ ಹೋಗುತ್ತದೆ. ರೇಟಿಂಗ್ ಏರುತ್ತಲೇ ಇಲ್ಲ. ವೇಗ ಬರಲು ಬುಲೆಟ್ (ಒಂದೆರಡು ನಿಮಿಷದ ಆಟ) ಆಡಬೇಕಾ?

ಆಗುಂಬೆ_ಮಳೆ:
ನೆಟ್‌ವರ್ಕ್ ನೋಡಿದ್ರಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಮೂವ್ ಹೋಗೋದಿಲ್ಲ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಮೊದಲು ರೂಟರ್‌ಗೆ ಯುಪಿಎಸ್ ಹಾಕಿಸಿ.

ಭದ್ರಾ_ಬ್ಲಿಟ್ಜ್:
ಟೈಮ್ ಕಂಟ್ರೋಲ್ ಯಾವುದು ಅಂತಲೇ ಹೇಳಿಲ್ವಲ್ಲ ಮಾರಾಯ್ರೆ. ಮೊಬೈಲೋ, ಬೋರ್ಡೋ?

ತೀರ್ಥಹಳ್ಳಿ_ಕುದುರೆ:
ಲಿಚೆಸ್ ವೆಬ್‌ಸೈಟ್‌ನಲ್ಲಿ, 10+0 (ಒಬ್ಬರಿಗೆ 10 ನಿಮಿಷ, ಪ್ರತಿ ಮೂವ್‌ಗೆ ಸೇರುವ ಸೆಕೆಂಡ್ ಸೊನ್ನೆ). ಎಲ್ಲರೂ ಆಡೋದು ಅದೇ ಅಲ್ವಾ? ನೆಟ್ ಚೆನ್ನಾಗಿದೆ. ಶಿವಮೊಗ್ಗದಲ್ಲಿ 90+30 ಟೂರ್ನಮೆಂಟ್ ಆಡಿದಾಗಲೂ ಹೀಗೇ ಆಯ್ತು.

ಆಗುಂಬೆ_ಮಳೆ:
ಆದರೂ ಒಮ್ಮೆ ಪಿಂಗ್ (ನೆಟ್ ಎಷ್ಟು ತಡ ಮಾಡ್ತಿದೆ ಅಂತ) ನೋಡಿ. ಲ್ಯಾಗ್ ಆದ ಟೈಮನ್ನು ಲಿಚೆಸ್ ಸ್ವಲ್ಪ ವಾಪಸ್ ಕೊಡುತ್ತದೆ, ಎಲ್ಲವನ್ನೂ ಕೊಡುವುದಿಲ್ಲ.

ಸಾಗರ_ಒಂಟೆ:
ಬೋರ್ಡ್ ಮೇಲೂ ಆಗಿದೆ ಅಂತಿದ್ದಾರೆ, ನೆಟ್ ವಿಷಯ ಬಿಡಿ ಸಾರ್.

10+0ರಲ್ಲಿ 40 ಮೂವ್ ಆಡಿದರೆ ಒಂದೊಂದಕ್ಕೆ 15 ಸೆಕೆಂಡ್. 15+10ರಲ್ಲಿ ಅದೇ 40 ಮೂವ್‌ಗೆ ಒಟ್ಟು 21 ನಿಮಿಷ 40 ಸೆಕೆಂಡ್ ಸಿಗುತ್ತದೆ. ಅದಕ್ಕಿಂತ ಮುಖ್ಯ, ಆನೆ ಜಾಸ್ತಿ ಇರುವ ಎಂಡ್‌ಗೇಮ್ ಮುಗಿಸಲು ಪ್ರತಿ ಮೂವ್‌ಗೂ 10 ಸೆಕೆಂಡ್ ಬಂದೇ ಬರುತ್ತದೆ. ಬುಲೆಟ್ ಸದ್ಯಕ್ಕೆ ಬೇಡವೇ ಬೇಡ. ಅಲ್ಲಿ ಎದುರಾಳಿ ಏನು ಮಾಡ್ತಿದ್ದಾನೆ ಅಂತ ನೋಡಲೂ ಪುರುಸೊತ್ತಿಲ್ಲ.

ಟೈಮ್ ಎಲ್ಲಿ ಹೋಗ್ತಿದೆ ಅಂತ ಹುಡುಕಿ. ಆಟ ಮುಗಿದ ಮೇಲೆ ಅನಾಲಿಸಿಸ್ ಪುಟದಲ್ಲಿ ಮೂವ್ ಟೈಮ್ ಗ್ರಾಫ್ ಇರುತ್ತದೆ. ವಾಪಸ್ ಹೊಡೆಯೋದು ಬಿಟ್ಟು ಬೇರೆ ದಾರಿಯೇ ಇಲ್ಲದ ಕಡೆ ಸುಮ್ನೆ ಕೂತಿದ್ದೀರಾ? ಅಲ್ಲಿ ಉಳಿಸಿ. ಪಾನ್ (ಕಾಲಾಳು) ತಳ್ಳುವ ಮುಂಚೆ, ಕ್ವೀನ್ ಬದಲಾಯಿಸುವ ಮುಂಚೆ ಧಾರಾಳವಾಗಿ ಖರ್ಚು ಮಾಡಿ. ಮುಂದೆ ತಳ್ಳಿದ ಪಾನ್ ಹಿಂದೆ ಬರುವುದಿಲ್ಲ. ಟೂರ್ನಮೆಂಟ್‌ನಲ್ಲಿ ಸ್ಕೋರ್‌ಶೀಟ್ ಮೇಲೆ ಮೂವ್ ಪಕ್ಕದಲ್ಲೇ ಉಳಿದ ಟೈಮ್ ಬರೆದುಕೊಳ್ಳಿ.

ಭದ್ರಾ_ಬ್ಲಿಟ್ಜ್:
ಹಾಗೆ ಬರೆದರೆ ಆರ್ಬಿಟರ್ (ತೀರ್ಪುಗಾರ) ಬಿಡಲ್ಲ. ಅದು ನೋಟ್ಸ್ ಲೆಕ್ಕಕ್ಕೆ ಬರುತ್ತದೆ.

ಸಾಗರ_ಒಂಟೆ:
ಬರುವುದಿಲ್ಲ. ಮೂವ್, ಗಡಿಯಾರದ ಟೈಮ್, ಡ್ರಾ ಆಫರ್ ಬರೆಯಬಹುದು ಅಂತ ಫಿಡೆ (ವಿಶ್ವ ಚೆಸ್ ಸಂಸ್ಥೆ) ನಿಯಮದಲ್ಲೇ ಇದೆ. ಪ್ಲಾನ್ ಬರೆದುಕೊಳ್ಳುವ ಹಾಗಿಲ್ಲ, ಅಷ್ಟೇ.

ಭದ್ರಾ_ಬ್ಲಿಟ್ಜ್:
5 ನಿಮಿಷಕ್ಕಿಂತ ಕಡಿಮೆ ಉಳಿದರೆ ಮೂವ್ ಬರೆಯೋದೇ ಬೇಕಿಲ್ಲ, ಅದೂ ನಿಯಮವೇ.

ಸಾಗರ_ಒಂಟೆ:
ಅವರು ಆಡಿದ್ದು 90+30. ಮೂವ್‌ಗೆ 30 ಸೆಕೆಂಡ್ ಸೇರುತ್ತಿದ್ದರೆ ಕೊನೆಯವರೆಗೂ ಬರೆಯಲೇಬೇಕು. ಬರೆಯುವ ಹೊತ್ತೂ ಆ 30ರಲ್ಲೇ ಹೋಗುತ್ತದೆ. ಮನೆಯಲ್ಲೂ ಬರೆದುಕೊಂಡೇ ಆಡಿ ಅಭ್ಯಾಸ ಮಾಡಿ.

ಕೆಳದಿ_ಕೋಟೆ:
ಮೊಬೈಲ್ ಬಿಟ್ಟು ಬೋರ್ಡ್ ಮೇಲೆ ಆಡಿ ಅಂತ ನಾನು ಹೇಳೋದು. ನಮ್ಮನೆಯಲ್ಲಿರುವುದು ಬೀಟೆ ಮರದ್ದು, ಸಾಗರದ ಆಚಾರ್ರಿಗೆ ಹೇಳಿ ಮಾಡಿಸಿದ್ದು. ಪಕ್ಕದಲ್ಲಿ ಡಿಜಿಟಿ 3000 ಗಡಿಯಾರ. ಕೀ ಕೊಡುವ ಹಳೇ ಗಡಿಯಾರವೂ ಇದೆ, ಅದರಲ್ಲಿ ಇನ್‌ಕ್ರಿಮೆಂಟ್ (ಮೂವ್‌ಗೆ ಸೇರುವ ಸೆಕೆಂಡ್) ಬರಲ್ಲ.

ಭದ್ರಾ_ಬ್ಲಿಟ್ಜ್:
ಬೀಟೆನಾ! ಫೋಟೋ ಹಾಕಿ. ಎಷ್ಟಾಯ್ತು?

ತೀರ್ಥಹಳ್ಳಿ_ಕುದುರೆ:
ಗ್ರಾಫ್ ನೋಡಿದೆ. ಮೊದಲ 15 ಮೂವ್‌ಗೇ 6 ನಿಮಿಷ ಹೋಗಿದೆ. ಅದೂ ದಿನಾ ಆಡುವ ಲಂಡನ್ ಓಪನಿಂಗ್‌ನಲ್ಲಿ (ಆಟ ಶುರು ಮಾಡುವ ಒಂದು ಕ್ರಮ)! 15+10 ಶುರು ಮಾಡಿದ್ದೇನೆ. 90+30ಕ್ಕೆ ಇಷ್ಟು ತಯಾರಿ ಸಾಕಾಗುತ್ತಾ?

ಸಾಗರ_ಒಂಟೆ:
ಸಾಕಾಗಲ್ಲ. ಜೊತೆಗೆ ವಾರಕ್ಕೊಂದಾದರೂ ಉದ್ದದ ಆಟ ಬೇಕು. ಲಿಚೆಸ್‌ನಲ್ಲಿ 45+45ರ ಲೀಗ್ ಇದೆ, ವಾರಕ್ಕೆ ಒಂದೇ ಆಟ. ಲಂಡನ್‌ನಲ್ಲಿ ಯಾವ ಮೂವ್‌ಗೆ ನಿಂತಿರಿ, ಅದನ್ನೂ ಹಾಕಿ.

ಆಗುಂಬೆ_ಮಳೆ:
45+45 ಅಂದರೆ 40 ಮೂವ್‌ಗೆ ಇಬ್ಬರದೂ ಸೇರಿ ಎರಡೂವರೆ ಗಂಟೆ. ಅಷ್ಟು ಹೊತ್ತು ಕರೆಂಟ್ ಇರಬೇಕಲ್ಲ.

ಕೆಳದಿ_ಕೋಟೆ:
ಫೋಟೋ ಹಾಕಿದ್ದೇನೆ. ಒಂಟೆಯ ಕೆತ್ತನೆ ನೋಡಿ.

ತೀರ್ಥಹಳ್ಳಿ_ಕುದುರೆ:
9ನೇ ಮೂವ್‌ಗೆ ನಿಂತಿದ್ದೆ, ಕುದುರೆ e5 ಮನೆಗೆ ಹಾಕೋದೋ ಕ್ಯಾಸಲ್ (ರಾಜ, ಆನೆ ಎರಡನ್ನೂ ಒಟ್ಟಿಗೆ ಸರಿಸುವ ಮೂವ್) ಮಾಡೋದೋ ಅಂತ. ತೀರ್ಥಹಳ್ಳಿ, ಕೊಪ್ಪ ಕಡೆ ಭಾನುವಾರ ಬೋರ್ಡ್ ಮೇಲೆ 30+20 ಆಡಲು ಯಾರಾದರೂ ಇದ್ದೀರಾ? ಬೋರ್ಡ್ ನಾನು ತರುತ್ತೇನೆ, ಗಡಿಯಾರ ಬೇಕು.